ಕೊನೆ ಬೆಂಚಿನಲ್ಲಿ ಇನ್ನೊಬ್ಬ ಮೇಷ್ಟ್ರು

ಪ್ರಶ್ನೆ: ನನ್ನ ಮಗಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಾಳೆ. ಮೊನ್ನೆ ಅವರ ರಸಾಯನಶಾಸ್ತ್ರದ ತರಗತಿಗೆ ಕನ್ನಡ ವಿಭಾಗದ ಮೇಡಂ ಒಬ್ಬರು ಬಂದು, ಪೀರಿಯಡ್ ಮುಗಿಯುವವರೆಗೂ ಕೊನೆ ಬೆಂಚಿನಲ್ಲಿ ಕೂತು, ಏನೇನೋ ಬರೆದುಕೊಂಡು ಹೋದರಂತೆ. ಅಂದು ಸರ್ ಎಂದಿಗಿಂತ ಜೋರಾಗಿ ಮಾತಾಡಿದರಂತೆ. ಸರ್ ಮೇಲೆ ಯಾರೋ ದೂರು ಕೊಟ್ಟಿರಬೇಕು ಎಂದು ಮಕ್ಕಳೆಲ್ಲ ಮಾತಾಡಿಕೊಂಡರಂತೆ. ಇದೇನು ಹೊಸ ಪದ್ಧತಿ? ಕನ್ನಡದವರಿಗೆ ರಸಾಯನಶಾಸ್ತ್ರದ ಪಾಠ ನೋಡಿ ಏನು ಗೊತ್ತಾಗುತ್ತದೆ? ಪಾಠ ಹೇಗಿದೆ ಎಂದು ಮಕ್ಕಳನ್ನೇ ಕೇಳಬಹುದಲ್ಲವೇ?
— ಓದುಗರೊಬ್ಬರು, ಹಾಸನ

ಉತ್ತರ: ನೀವು ವಿವರಿಸಿದ್ದನ್ನು ನೋಡಿದರೆ ಇದು ದೂರಿನ ವಿಚಾರಣೆಯಂತೆ ಕಾಣುವುದಿಲ್ಲ. ಒಬ್ಬ ಅಧ್ಯಾಪಕರ ತರಗತಿಯಲ್ಲಿ ಇನ್ನೊಬ್ಬ ಅಧ್ಯಾಪಕರು ಕೂತು, ಪಾಠ ಹೇಗೆ ಸಾಗುತ್ತದೆ ಎಂದು ಗಮನಿಸಿ, ಆಮೇಲೆ ಇಬ್ಬರೇ ಕೂತು ಅದರ ಬಗ್ಗೆ ಮಾತಾಡುವ ಪದ್ಧತಿ ಒಂದಿದೆ. ಸಹೋದ್ಯೋಗಿಗಳ ಪಾಠ ವೀಕ್ಷಣೆ ಎನ್ನಬಹುದು. ಕಾಲೇಜುಗಳಲ್ಲಿ ಸಾಮಾನ್ಯವಾಗಿ ಇದನ್ನು ಆಂತರಿಕ ಗುಣಮಟ್ಟ ಖಾತರಿ ಕೋಶ, ಅಂದರೆ ಸ್ಟಾಫ್ ರೂಮಿನ ಮಾತಿನಲ್ಲಿ ಐಕ್ಯೂಎಸಿ, ನಡೆಸುತ್ತದೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನ ಪೀರ್ ಟೀಮ್ ನೋಡುವುದು ಬೇರೆ. ಆ ತಂಡ ಹೊರಗಿನದು, ಅದು ಇಡೀ ಕಾಲೇಜನ್ನು, ಅದರ ಕಡತ, ಪ್ರಯೋಗಾಲಯ, ಗ್ರಂಥಾಲಯ ಎಲ್ಲವನ್ನೂ ನೋಡುತ್ತದೆ. ಇಲ್ಲಿ ನೋಡುವವರೂ ಅದೇ ಕಾಲೇಜಿನವರು, ನೋಡುವುದು ಒಂದು ಪೀರಿಯಡನ್ನು.

ಮಕ್ಕಳಿಗೆ ಅನುಮಾನ ಬಂದದ್ದು ಸಹಜ. ಅದಕ್ಕೆ ಅವಕಾಶ ಕೊಟ್ಟವರು ದೊಡ್ಡವರು. ಪಾಠ ಶುರುವಾಗುವ ಮೊದಲು ಸರ್ ಒಂದು ಮಾತು ಹೇಳಬೇಕಿತ್ತು: ‘ಇವರು ಇಂಥವರು, ನಮ್ಮ ಕ್ಲಾಸು ಹೇಗೆ ನಡೆಯುತ್ತದೆ ಎಂದು ನೋಡಲು ನಾನೇ ಕರೆದಿದ್ದೇನೆ, ನಿಮ್ಮ ಹೆಸರು ಯಾರೂ ಬರೆದುಕೊಳ್ಳುವುದಿಲ್ಲ’. ಅಷ್ಟು ಹೇಳಿದ್ದರೆ ಅರ್ಧ ಆತಂಕ ಅಲ್ಲೇ ಕರಗುತ್ತಿತ್ತು.

ಇದು ಯಾಕೆ ಬೇಕಾಯಿತು ಎಂದು ತಿಳಿಯಲು ಕಾಲೇಜು ಅಧ್ಯಾಪಕರು ಹೇಗೆ ತಯಾರಾಗುತ್ತಾರೆ ಎಂಬುದನ್ನು ನೋಡಬೇಕು. ಹೈಸ್ಕೂಲಿನಲ್ಲಿ ಕಲಿಸುವವರು ಬಿ.ಎಡ್. ಮಾಡಿರುತ್ತಾರೆ. ಪಾಠ ಯೋಜನೆ ಬರೆದು, ಶಾಲೆಗೆ ಹೋಗಿ ಬೋಧನಾಭ್ಯಾಸ ಮಾಡಿರುತ್ತಾರೆ. ಆಗ ಹಿಂದೆ ಕೂತು ಅವರ ಪ್ರಾಧ್ಯಾಪಕರು ನೋಡಿರುತ್ತಾರೆ, ಜೊತೆಯ ವಿದ್ಯಾರ್ಥಿಗಳು ನೋಡಿರುತ್ತಾರೆ, ಕಪ್ಪುಹಲಗೆಯ ಬರವಣಿಗೆಯಿಂದ ಹಿಡಿದು ಪ್ರಶ್ನೆ ಕೇಳುವ ರೀತಿಯವರೆಗೆ ತಿದ್ದಿರುತ್ತಾರೆ. ಪದವಿ ಕಾಲೇಜಿಗೆ ಬರುವವರ ದಾರಿಯೇ ಬೇರೆ. ಎಂ.ಎ. ಇಲ್ಲವೇ ಎಂ.ಎಸ್ಸಿ., ಅದರ ಮೇಲೆ ನೆಟ್ ಅಥವಾ ಕೆ-ಸೆಟ್, ಅಥವಾ ಪಿಎಚ್.ಡಿ. ನೆಟ್‌ನ ಮೊದಲ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆ ಪ್ರಶ್ನೆಗಳಿರುತ್ತವೆ ನಿಜ, ಆದರೆ ಅವು ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವಂಥವು. ಎಪ್ಪತ್ತು ಮಕ್ಕಳ ಮುಂದೆ ನಿಂತು ಕಲಿಸುವುದನ್ನು ಯಾರೂ ಪಕ್ಕದಲ್ಲಿದ್ದು ಕಲಿಸಿಕೊಟ್ಟಿರುವುದಿಲ್ಲ. ಹಾಗಾಗಿ ಹೆಚ್ಚಿನವರು ತಮಗೆ ಪಾಠ ಹೇಳಿದ ಮೇಷ್ಟ್ರನ್ನು ಮನಸ್ಸಿನಲ್ಲಿಟ್ಟುಕೊಂಡು ಅವರಂತೆಯೇ ಹೇಳಲು ತೊಡಗುತ್ತಾರೆ. ಒಳ್ಳೆಯ ಮೇಷ್ಟ್ರು ಸಿಕ್ಕಿದ್ದವರು ಪುಣ್ಯವಂತರು.

ಬಡ್ತಿಯ ಹೊತ್ತಿನಲ್ಲಾದರೂ ಯಾರಾದರೂ ಪಾಠ ನೋಡುತ್ತಾರೆಯೇ? 2018ರ ಯುಜಿಸಿ ನಿಯಮಾವಳಿಯಲ್ಲಿ ಬೋಧನೆಯನ್ನು ಅಳೆಯುವ ಲೆಕ್ಕ ಹೀಗಿದೆ: ಒಪ್ಪಿಸಿದ ತರಗತಿಗಳಲ್ಲಿ ಶೇ. 80 ಮತ್ತು ಅದಕ್ಕಿಂತ ಹೆಚ್ಚು ತೆಗೆದುಕೊಂಡಿದ್ದರೆ ಉತ್ತಮ, ಶೇ. 70ರಿಂದ 80ರೊಳಗಿದ್ದರೆ ತೃಪ್ತಿಕರ. ಎಷ್ಟು ತರಗತಿ ಎಂಬುದು ಲೆಕ್ಕಕ್ಕೆ ಬಂತು, ಆ ತರಗತಿಗಳಲ್ಲಿ ಏನು ನಡೆಯಿತು ಎಂಬುದು ಬರಲಿಲ್ಲ. ಇದೇ ಅಧ್ಯಾಪಕರು ಒಂದು ಸಂಶೋಧನಾ ಲೇಖನ ಬರೆದರೆ ಅದನ್ನು ಅದೇ ಕ್ಷೇತ್ರದ ಇಬ್ಬರು ಮೂವರು ಓದಿ, ಪ್ರಶ್ನೆ ಕೇಳಿ, ತಿದ್ದಿಸಿ ಪ್ರಕಟಣೆಗೆ ಬಿಡುತ್ತಾರೆ. ಪಾಠವನ್ನು ಮಾತ್ರ ಮೂವತ್ತು ವರ್ಷ ಮಾಡಿದರೂ ಇನ್ನೊಬ್ಬ ಮೇಷ್ಟ್ರು ಒಂದು ದಿನವೂ ಕೇಳದೆ ನಿವೃತ್ತರಾಗುವುದು ಸಾಧ್ಯ. ಅಮೆರಿಕದ ಶಿಕ್ಷಣ ಚಿಂತಕ ಲೀ ಶುಲ್ಮನ್ 1993ರಲ್ಲಿ ಇದನ್ನೇ ಎತ್ತಿ ಬರೆದರು. ಸಂಶೋಧನೆ ಮಾಡುವಾಗ ಅಧ್ಯಾಪಕನಿಗೆ ಒಂದು ಸಮುದಾಯವಿರುತ್ತದೆ, ಕಲಿಸುವಾಗ ಮಾತ್ರ ಅವನು ಒಂಟಿ ಎಂಬುದು ಅವರ ಕಳವಳ. ನಮ್ಮ ಸ್ಟಾಫ್ ರೂಮಿನಲ್ಲಿ ಕೂತು ನೋಡಿದವರಿಗೆ ಇದು ದೂರದ ಮಾತೆನಿಸದು. ಅಲ್ಲಿ ಪರೀಕ್ಷಾ ಕೆಲಸ, ಮೌಲ್ಯಮಾಪನ, ವರ್ಗಾವಣೆ ಎಲ್ಲ ಚರ್ಚೆಯಾಗುತ್ತದೆ. ‘ಇವತ್ತು ನಾನು ಬಫರ್ ದ್ರಾವಣ ಹೇಳಿಕೊಟ್ಟೆ, ಮಕ್ಕಳಿಗೆ ಹತ್ತಲಿಲ್ಲ, ನೀವು ಹೇಗೆ ಶುರುಮಾಡುತ್ತೀರಿ?’ ಎಂಬ ಮಾತು ಬಲು ಅಪರೂಪ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಅದು ನನಗೆ ಬಹಳ ಹಿಡಿಸಿತು. ಕನ್ನಡದ ಮೇಡಂಗೆ ರಸಾಯನಶಾಸ್ತ್ರದ ತರಗತಿಯಲ್ಲಿ ಏನು ಕಾಣುತ್ತದೆ?

ಅವರು ಸರಿಯಾಗಿ ನೋಡಲು ಕಲಿತಿದ್ದರೆ ಬೇಕಾದಷ್ಟು ಕಾಣುತ್ತದೆ. ಅದೇ ಬಫರ್ ದ್ರಾವಣದ ಪಾಠ ಎಂದಿಟ್ಟುಕೊಳ್ಳಿ. ಹಾಜರಿ ಕರೆದು ಮುಗಿಯುವಾಗ ಏಳು ನಿಮಿಷ ಹೋಗಿದೆ. ಸರ್ ಬೋರ್ಡಿನ ಮೇಲೆ ಸಮೀಕರಣ ಬರೆದು, ‘ಇದಕ್ಕೆ ಒಂದು ಹನಿ ಆಮ್ಲ ಹಾಕಿದರೆ ಪಿಎಚ್ ಏನಾಗುತ್ತದೆ?’ ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಉಸಿರೆಳೆದುಕೊಳ್ಳುವಷ್ಟೂ ಕಾಯದೆ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ಆಮೇಲೆ ‘ಅರ್ಥ ಆಯ್ತಾ?’ ಎನ್ನುತ್ತಾರೆ, ಮುಂದಿನ ಎರಡು ಬೆಂಚಿನವರು ‘ಆಯ್ತು ಸರ್’ ಎನ್ನುತ್ತಾರೆ. ಹಿಂದಿನ ಸಾಲಿನಲ್ಲಿ ಮೂವರು ಪಕ್ಕದವರ ನೋಟ್ಸ್ ನೋಡಿ ಇಳಿಸಿಕೊಳ್ಳುತ್ತಿದ್ದಾರೆ. ಅರ್ಧ ಗಂಟೆಯ ಹೊತ್ತಿಗೆ ಸರ್ ಇಂಗ್ಲಿಷ್ ಬಿಟ್ಟು ಎರಡು ವಾಕ್ಯ ಕನ್ನಡದಲ್ಲಿ ಹೇಳುತ್ತಾರೆ, ತರಗತಿಯ ಮುಕ್ಕಾಲು ಪಾಲು ತಲೆಗಳು ಮೇಲೇಳುತ್ತವೆ. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿಯಲ್ಲಿ ಇಂಗ್ಲಿಷಿಗೆ ಹೊರಳಿದ ಮಕ್ಕಳಿರುವ ನಮ್ಮ ಕಾಲೇಜುಗಳಲ್ಲಿ ಆ ಎರಡು ವಾಕ್ಯ ಎಷ್ಟು ಮುಖ್ಯ ಎಂಬುದು ಬೋರ್ಡಿನ ಕಡೆ ಮುಖ ಮಾಡಿದ ಸರ್‌ಗೆ ಕಾಣುವುದಿಲ್ಲ. ಹಿಂದೆ ಕೂತ ಮೇಡಂಗೆ ಕಾಣುತ್ತದೆ. ಇದನ್ನೆಲ್ಲ ಬರೆದುಕೊಳ್ಳಲು ಪಿಎಚ್ ಎಂದರೇನೆಂದು ಅವರಿಗೆ ತಿಳಿದಿರಬೇಕಿಲ್ಲ.

ಪ್ರಶ್ನೆ ಕೇಳಿ ಕಾಯದಿರುವ ಅಭ್ಯಾಸ ಒಬ್ಬಿಬ್ಬರದಲ್ಲ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ಶಾಲಾ ತರಗತಿಗಳ ಧ್ವನಿಮುದ್ರಿಕೆಗಳನ್ನು ಕೇಳಿ, 1970ರ ದಶಕದಲ್ಲಿ ಬರೆದ ಮುಖ್ಯ ಸಂಗತಿಯೆಂದರೆ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಕಾಯುವುದು ಸರಾಸರಿ ಒಂದು ಸೆಕೆಂಡು ಮಾತ್ರ. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರಗಳು ಉದ್ದವಾದವು, ಎಂದೂ ಬಾಯಿ ಬಿಡದವರೂ ಮಾತಾಡಿದರು, ಮಕ್ಕಳೇ ಪ್ರಶ್ನೆ ಕೇಳುವುದು ಹೆಚ್ಚಾಯಿತು. ಎರಡು ಸೆಕೆಂಡಿನ ವ್ಯತ್ಯಾಸ ಅಷ್ಟೆ. ತಾನು ಎಷ್ಟು ಹೊತ್ತು ಕಾಯುತ್ತೇನೆ ಎಂಬುದು ಪಾಠ ಹೇಳುವವರಿಗೆ ತಿಳಿಯುವುದು ಕಷ್ಟ, ಏಕೆಂದರೆ ಅಲ್ಲಿ ನಿಂತವರಿಗೆ ಮೂರು ಸೆಕೆಂಡಿನ ಮೌನ ಒಂದು ಯುಗದಂತೆ ಭಾಸವಾಗುತ್ತದೆ. ಗಡಿಯಾರ ನೋಡುತ್ತ ಕೂತ ಇನ್ನೊಬ್ಬರೇ ಅದನ್ನು ಹೇಳಬೇಕು.

ಹೀಗೆ ನೋಡುವುದಕ್ಕೆ ವಿಧಾನಗಳೂ ಇವೆ. ಬಿ.ಎಡ್. ಓದಿದವರಿಗೆ ಫ್ಲಾಂಡರ್ಸ್ ಹೆಸರು ನೆನಪಿರಬಹುದು. ತರಗತಿಯ ಮಾತನ್ನು ಹತ್ತು ಬಗೆಯಾಗಿ ವಿಂಗಡಿಸಿ, ಮೂರು ಸೆಕೆಂಡಿಗೊಮ್ಮೆ ಒಂದು ಸಂಖ್ಯೆ ಗುರುತಿಸುವ ಪದ್ಧತಿ ಅವರದು. ಏಳು ಬಗೆ ಶಿಕ್ಷಕರ ಮಾತಿಗೆ, ಎರಡು ಮಕ್ಕಳ ಮಾತಿಗೆ, ಒಂದು ಮೌನ ಇಲ್ಲವೇ ಗದ್ದಲಕ್ಕೆ. ಈ ಹಂಚಿಕೆಯೇ ತರಗತಿಯಲ್ಲಿ ಯಾರ ಬಾಯಿ ಹೆಚ್ಚು ಎಂಬುದನ್ನು ಹೇಳುತ್ತದೆ. ಕಾಲೇಜಿನ ವಿಜ್ಞಾನ ತರಗತಿಗಳಿಗೆಂದೇ ರೂಪಿಸಿದ, ಇನ್ನೂ ಸುಲಭವಾದ ವಿಧಾನ 2013ರಲ್ಲಿ ಪ್ರಕಟವಾಯಿತು. ಕೋಪಸ್ ಎಂದು ಅದರ ಹೆಸರು. ಮಿಶೆಲ್ ಸ್ಮಿತ್ ಮತ್ತು ಸಂಗಡಿಗರು ರೂಪಿಸಿದ್ದು. ಆ ಸಂಗಡಿಗರಲ್ಲಿ ಒಬ್ಬರು ಕಾರ್ಲ್ ವೀಮನ್, 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಮೇಲೆ ತಮ್ಮ ಶಕ್ತಿಯನ್ನು ಕಾಲೇಜು ಬೋಧನೆಯ ಸುಧಾರಣೆಗೆ ತಿರುಗಿಸಿದವರು. (ಅಂಥ ದೊಡ್ಡ ವಿಜ್ಞಾನಿ ಪದವಿ ತರಗತಿಯ ಪಾಠವನ್ನು ಸಂಶೋಧನೆಯಷ್ಟೇ ಗಂಭೀರವಾಗಿ ತೆಗೆದುಕೊಂಡದ್ದು ನನಗೆ ಗೌರವ ಹುಟ್ಟಿಸುವ ಸಂಗತಿ.) ಕೋಪಸ್‌ನಲ್ಲಿ ಎರಡೆರಡು ನಿಮಿಷಕ್ಕೆ ಒಂದು ಸಾಲು. ಆ ಎರಡು ನಿಮಿಷದಲ್ಲಿ ಅಧ್ಯಾಪಕರು ಏನು ಮಾಡುತ್ತಿದ್ದರು, ವಿದ್ಯಾರ್ಥಿಗಳು ಏನು ಮಾಡುತ್ತಿದ್ದರು ಎಂದು ಗುರುತು ಹಾಕುತ್ತಾ ಹೋಗುವುದು. ಚೆನ್ನಾಗಿತ್ತು, ಚೆನ್ನಾಗಿರಲಿಲ್ಲ ಎಂದು ತೀರ್ಪು ಕೊಡುವುದು ಅದರ ಉದ್ದೇಶವಲ್ಲ. ಇದನ್ನು ಬಳಸಲು ಒಂದೂವರೆ ಗಂಟೆಯ ತರಬೇತಿ ಸಾಕಾಯಿತು. ನಿಮ್ಮ ಅನುಮಾನಕ್ಕೆ ನೇರ ಉತ್ತರವೂ ಇಲ್ಲಿದೆ: ಮೇಯ್ನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ತರಗತಿಗಳಲ್ಲಿ ಕೂತು ಹೀಗೆ ಗುರುತು ಹಾಕಿದವರಲ್ಲಿ ಸುತ್ತಲಿನ ಊರುಗಳ ಶಾಲಾ ಶಿಕ್ಷಕರೂ ಇದ್ದರು.

ಇದೇ ವಿಧಾನದಿಂದ ಉತ್ತರ ಅಮೆರಿಕದ 25 ಸಂಸ್ಥೆಗಳ ಎರಡು ಸಾವಿರಕ್ಕೂ ಹೆಚ್ಚು ವಿಜ್ಞಾನ, ತಂತ್ರಜ್ಞಾನ ತರಗತಿಗಳನ್ನು ನೋಡಿದ ಅಧ್ಯಯನವೊಂದು 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಶೇ. 55ರಷ್ಟು ತರಗತಿಗಳಲ್ಲಿ ಸಮಯದ ಬಹುಪಾಲು ಬರೀ ಉಪನ್ಯಾಸವೇ ನಡೆದಿತ್ತು. ಹಾಗಾಗಿ ನೋಟ್ಸ್ ಬರೆಸುವುದೇ ಪಾಠ ಎಂಬ ರೂಢಿಗೆ ನಮ್ಮ ಕಾಲೇಜುಗಳನ್ನು ಮಾತ್ರ ದೂರುವುದು ಬೇಡ.

ಹೊರಗಿನ ವಿಷಯದವರಿಂದ ಇನ್ನೊಂದು ಲಾಭವಿದೆ. ಅವರು ಆ ತರಗತಿಯಲ್ಲಿ ನಿಜವಾಗಿ ಕಲಿಯುವವರ ಜಾಗದಲ್ಲೇ ಕೂತಿರುತ್ತಾರೆ. ಹತ್ತೂ ಇಪ್ಪತ್ತಕ್ಕೆ ತನಗೆ ಎಳೆ ತಪ್ಪಿತು, ಯಾವ ಪದ ಬಂದಾಗ ತಪ್ಪಿತು ಎಂದು ಅವರು ಬರೆದುಕೊಂಡರೆ, ಹಲವು ಮಕ್ಕಳಿಗೂ ಅಲ್ಲೇ ತಪ್ಪಿರುವ ಸಾಧ್ಯತೆ ಇದೆ. ರಸಾಯನಶಾಸ್ತ್ರದವರೇ ಬಂದು ಕೂತಿದ್ದರೆ ಸರ್ ಬಿಟ್ಟ ಮೆಟ್ಟಿಲನ್ನು ತಮಗೇ ತಿಳಿಯದಂತೆ ಮನಸ್ಸಿನಲ್ಲೇ ತುಂಬಿಕೊಂಡುಬಿಡುತ್ತಿದ್ದರು. ಆದರೆ ಬರೀ ಹೊರಗಿನವರಿಂದ ಕೆಲಸ ಪೂರ್ತಿಯಾಗುವುದಿಲ್ಲ. ಹೇಳಿದ್ದು ಸರಿಯೇ, ಈ ಉದಾಹರಣೆ ಈ ಪರಿಕಲ್ಪನೆಗೆ ಹೊಂದುತ್ತದೆಯೇ, ಇದಕ್ಕಿಂತ ಮೊದಲು ಹೇಳಬೇಕಾದದ್ದು ಬೇರೆ ಏನಾದರೂ ಇತ್ತೇ ಎಂಬುದನ್ನು ವಿಷಯ ಬಲ್ಲವರೇ ಹೇಳಬೇಕು. ಆದ್ದರಿಂದ ಒಂದು ಸಲ ಹೊರಗಿನವರು, ಇನ್ನೊಂದು ಸಲ ಅದೇ ವಿಭಾಗದವರು ಬಂದರೆ ಸರಿಯಾಗುತ್ತದೆ.

ಸರ್ ಜೋರಾಗಿ ಮಾತಾಡಿದ್ದರಲ್ಲಿ ಅವರ ತಪ್ಪೇನೂ ಇಲ್ಲ. ಯಾರೋ ನೋಡುತ್ತಿದ್ದಾರೆ ಎಂದರೆ ತರಗತಿಯೇ ಬದಲಾಗುತ್ತದೆ, ಮಕ್ಕಳೂ ಎಂದಿಗಿಂತ ಮೌನವಾಗಿರುತ್ತಾರೆ. ಅದಕ್ಕೇ ಒಂದು ದಿನದ ಭೇಟಿಯಿಂದ ಯಾರ ಬೋಧನೆಯ ಬಗ್ಗೆಯೂ ತೀರ್ಪು ಕೊಡಬಾರದು. ಅಮೆರಿಕದ ಶಾಲೆಗಳಲ್ಲಿ ಸುಮಾರು 3,000 ಶಿಕ್ಷಕರನ್ನು ಸೇರಿಸಿಕೊಂಡು ಗೇಟ್ಸ್ ಫೌಂಡೇಶನ್ ನಡೆಸಿದ ದೊಡ್ಡ ಅಧ್ಯಯನದಲ್ಲೂ ಇದೇ ಕಂಡಿತು: ಒಬ್ಬರು ಒಂದು ಪಾಠ ನೋಡಿ ಕೊಟ್ಟ ಅಂಕವನ್ನು ನೆಚ್ಚಲಾಗದು, ಬೇರೆ ಬೇರೆ ಪಾಠಗಳನ್ನು ಬೇರೆ ಬೇರೆಯವರು ನೋಡಿದಾಗ ನಂಬಿಕೆ ಹೆಚ್ಚುತ್ತದೆ.

ಮಕ್ಕಳನ್ನೇ ಕೇಳಬಹುದಲ್ಲ ಎಂದಿರಿ. ಕೇಳಬೇಕು, ಕೇಳುತ್ತಲೂ ಇದ್ದಾರೆ. ಫೀಡ್‌ಬ್ಯಾಕ್ ಫಾರ್ಮ್ ನಿಮ್ಮ ಮಗಳೂ ತುಂಬಿರುತ್ತಾಳೆ. ಸರ್ ಸಮಯಕ್ಕೆ ಬರುತ್ತಾರೆಯೇ, ಬೈಯುತ್ತಾರೆಯೇ, ಬೋರ್ಡಿನ ಬರಹ ಹಿಂದಿನವರಿಗೆ ಕಾಣುತ್ತದೆಯೇ ಎಂಬುದನ್ನು ಮಕ್ಕಳಷ್ಟು ಚೆನ್ನಾಗಿ ಬೇರೆ ಯಾರೂ ಹೇಳಲಾರರು. ಆದರೆ ‘ಇವರಿಂದ ಎಷ್ಟು ಕಲಿತೆ?’ ಎಂಬ ಪ್ರಶ್ನೆಗೆ ಅವರ ಉತ್ತರವನ್ನು ಹಾಗೇ ತೆಗೆದುಕೊಳ್ಳಲು ಬರುವುದಿಲ್ಲ. ನಳಿನಿ ಅಂಬಾಡಿ ಮತ್ತು ರಾಬರ್ಟ್ ರೋಸೆಂತಾಲ್ 1993ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಪಾಠ ಮಾಡುತ್ತಿರುವವರ ಅರ್ಧ ನಿಮಿಷದ ಮೂಕ ವಿಡಿಯೊವನ್ನು ಅಪರಿಚಿತರಿಗೆ ತೋರಿಸಿ ಅಂಕ ಹಾಕಿಸಿದರು. ಆ ಅಂಕಗಳು ಸೆಮಿಸ್ಟರ್ ಪೂರ್ತಿ ಕೂತು ಕೇಳಿದ ವಿದ್ಯಾರ್ಥಿಗಳ ಅಂಕಗಳಿಗೆ ಬಹಳ ಹತ್ತಿರ ಬಂದವು. ಅಂದರೆ ಮುಖಭಾವ, ಕೈಕಾಲಿನ ಚಲನೆ, ನಿಲುವು ಇವು ಫಾರ್ಮಿನ ಮೇಲೆ ದೊಡ್ಡ ಪ್ರಭಾವ ಬೀರುತ್ತವೆ. ಹಾರ್ವರ್ಡ್‌ನ ಭೌತಶಾಸ್ತ್ರ ತರಗತಿಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಕುತೂಹಲದ್ದು. ನಿರರ್ಗಳವಾದ ಉಪನ್ಯಾಸ ಕೇಳಿದ ಮಕ್ಕಳು ‘ಬಹಳ ಕಲಿತೆವು’ ಎಂದರು. ಗುಂಪುಗಳಲ್ಲಿ ಕೂತು ತಾವೇ ಲೆಕ್ಕಗಳ ಜೊತೆ ಗುದ್ದಾಡಿದವರು ‘ಅಷ್ಟೇನೂ ಕಲಿಯಲಿಲ್ಲ’ ಎಂದರು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದದ್ದು ಗುದ್ದಾಡಿದವರಿಗೆ. ಹಾಗಾಗಿ ಮಕ್ಕಳ ಮಾತು, ಅವರ ಉತ್ತರಪತ್ರಿಕೆ, ಸಹೋದ್ಯೋಗಿಯ ಕಣ್ಣು, ಈ ಮೂರೂ ಬೇಕು.

ಅರ್ಧ ನಿಮಿಷದ ಮೋಡಿ ಸಹೋದ್ಯೋಗಿಯ ಮೇಲೂ ನಡೆಯುತ್ತದೆ ಎನ್ನುವಿರಿ. ನಡೆಯುತ್ತದೆ. ಅದಕ್ಕೇ ‘ಆತ್ಮವಿಶ್ವಾಸವಿದೆ: 5ಕ್ಕೆ 4’ ಎಂಬಂಥ ಫಾರ್ಮುಗಳನ್ನು ನಾನು ಒಪ್ಪುವುದಿಲ್ಲ. ಕಂಡದ್ದನ್ನು ಮೊದಲು ಬರೆಯಬೇಕು, ಅನಿಸಿದ್ದನ್ನು ಆಮೇಲೆ.

ಈ ಪದ್ಧತಿ ಕೆಡುವುದು ಎಲ್ಲಿ ಎಂದೂ ಹೇಳಬೇಕು. ನೋಡಿದ್ದು ಅಂಕವಾಗಿ ಕಡತ ಸೇರಿದ ದಿನ ಕೆಡುತ್ತದೆ. ಇಂಗ್ಲೆಂಡಿನಲ್ಲಿ 1990ರ ದಶಕದಲ್ಲಿ ಸರ್ಕಾರದ ಅನುದಾನ ಸಂಸ್ಥೆಯ ಪರವಾಗಿ ಪರಿಶೀಲಕರು ವಿಶ್ವವಿದ್ಯಾಲಯಗಳಿಗೆ ಹೋಗಿ ತರಗತಿಗಳಲ್ಲಿ ಕೂರುತ್ತಿದ್ದರು. ಆರು ಅಂಶ, ಒಂದೊಂದಕ್ಕೆ ನಾಲ್ಕು, ಒಟ್ಟು 24 ಅಂಕ. ಆ ಅಂಕ ಪ್ರಕಟವಾಗುತ್ತಿತ್ತು, ಪತ್ರಿಕೆಗಳ ಶ್ರೇಯಾಂಕ ಪಟ್ಟಿಗೂ ಹೋಗುತ್ತಿತ್ತು. ಅಂಕಕ್ಕಾಗಿ ಪಾಠ ಮಾಡುವಾಗ ಯಾರು ತಾನೆ ಹೊಸದನ್ನು ಪ್ರಯತ್ನಿಸುತ್ತಾರೆ? ತಾಲೀಮು ಮಾಡಿಟ್ಟುಕೊಂಡ ಸುರಕ್ಷಿತ ಪಾಠವನ್ನೇ ಒಪ್ಪಿಸುತ್ತಾರೆ. 2002ರಲ್ಲಿ ಡೇವಿಡ್ ಗೋಸ್ಲಿಂಗ್ ಎಂಬವರು ಇದನ್ನೆಲ್ಲ ಗಮನಿಸಿ ಪಾಠ ವೀಕ್ಷಣೆಯನ್ನು ಮೂರಾಗಿ ಬೇರ್ಪಡಿಸಿದರು. ಮೇಲಿನವರು ಬಂದು ಅಳೆಯುವುದು ಒಂದು, ಬೋಧನೆಯ ಪರಿಣತರು ಬಂದು ತಿದ್ದುವುದು ಇನ್ನೊಂದು, ಸಮಾನರಾದ ಇಬ್ಬರು ಪರಸ್ಪರರ ತರಗತಿಗೆ ಹೋಗಿ ಮಾತಾಡಿಕೊಳ್ಳುವುದು ಮತ್ತೊಂದು. ಮೂರಕ್ಕೂ ಅವುಗಳದೇ ಸ್ಥಾನವಿದೆ. ಮೊದಲನೆಯದನ್ನು ಮಾಡುತ್ತ ಮೂರನೆಯದೆಂದು ಹೇಳಿದರೆ ಸ್ಟಾಫ್ ರೂಮಿನಲ್ಲಿದ್ದ ಅಷ್ಟಿಷ್ಟು ವಿಶ್ವಾಸವೂ ಹಾಳಾಗುತ್ತದೆ. ಆ ವಿಶ್ವಾಸ ಹೋದಲ್ಲಿ ಫಾರ್ಮು ತುಂಬುವುದೊಂದೇ ಉಳಿಯುತ್ತದೆ. ‘ನೀವು ನನಗೆ ಒಳ್ಳೆಯದು ಬರೆಯಿರಿ, ನಾನು ನಿಮಗೆ ಬರೆಯುತ್ತೇನೆ’ ಎಂದು ಕೊಡುಕೊಳೆಯಾಗಿ ಮುಗಿಯುತ್ತದೆ. ಆಗ ಎಲ್ಲರೂ ‘ಅತ್ಯುತ್ತಮ’, ಯಾರ ಪಾಠವೂ ಒಂದಿಂಚು ಬದಲಾಗಿರುವುದಿಲ್ಲ.

ಸರಿಯಾಗಿ ನಡೆಯುವ ಕಡೆ ತರಗತಿಯಲ್ಲಿ ಕೂರುವ ಗಂಟೆಗಿಂತ ಅದರ ಹಿಂದುಮುಂದಿನ ಮಾತಿಗೆ ಹೆಚ್ಚು ಬೆಲೆ. ಹಿಂದಿನ ದಿನ ಇಬ್ಬರೂ ಹತ್ತು ನಿಮಿಷ ಕೂರುತ್ತಾರೆ. ಏನನ್ನು ನೋಡಬೇಕು ಎಂದು ಹೇಳುವವರು ಪಾಠ ಮಾಡುವವರೇ: ‘ನನ್ನ ಪ್ರಶ್ನೆಗಳಿಗೆ ಯಾವ ಯಾವ ಬೆಂಚಿನಿಂದ ಉತ್ತರ ಬರುತ್ತದೆ, ಅದೊಂದನ್ನು ಗುರುತು ಹಾಕಿಕೊಳ್ಳಿ’. ಕೂರುವವರು ಪಾಠದ ನಡುವೆ ಬಾಯಿ ಹಾಕುವುದಿಲ್ಲ, ಮೊಬೈಲ್ ತೆಗೆಯುವುದಿಲ್ಲ, ತಡವಾಗಿ ಬಂದು ಬೇಗ ಏಳುವುದಿಲ್ಲ. ಪಾಠ ಮುಗಿದ ಒಂದೆರಡು ದಿನದೊಳಗೆ ಮತ್ತೆ ಕೂರುತ್ತಾರೆ. ಮೊದಲು ಮಾತಾಡುವವರು ಪಾಠ ಮಾಡಿದವರು. ನೋಡಿದವರು ತಮ್ಮ ಟಿಪ್ಪಣಿಯನ್ನು ಮೇಜಿನ ಮೇಲಿಟ್ಟು, ‘ಹನ್ನೆರಡು ಪ್ರಶ್ನೆಗಳಲ್ಲಿ ಹತ್ತಕ್ಕೆ ಮುಂದಿನ ಎರಡು ಬೆಂಚಿನಿಂದ ಉತ್ತರ ಬಂತು’ ಎಂದಷ್ಟೇ ಹೇಳಿದರೂ ಸಾಕು, ಮಿಕ್ಕದ್ದನ್ನು ಆ ಮೇಷ್ಟ್ರೇ ಯೋಚಿಸುತ್ತಾರೆ. ಆ ಟಿಪ್ಪಣಿ ಅವರಿಗೇ ಸೇರಬೇಕು. ಐಕ್ಯೂಎಸಿಗೆ ದಾಖಲೆ ಬೇಕೆಂದರೆ ಇಂಥ ದಿನ ಇಂಥವರು ಇಂಥವರ ತರಗತಿ ನೋಡಿದರು ಎಂಬ ಒಂದು ಸಾಲು ಸಾಕು.

ಜಪಾನಿನ ಶಾಲೆಗಳಲ್ಲಿ ಇದು ಬಹಳ ಕಾಲದಿಂದ ಬೆಳೆದುಬಂದ ರೂಢಿ. ನಾಲ್ಕೈದು ಶಿಕ್ಷಕರು ಸೇರಿ ಒಂದು ಪಾಠವನ್ನು ಯೋಜಿಸುತ್ತಾರೆ, ಒಬ್ಬರು ಅದನ್ನು ಮಾಡುತ್ತಾರೆ, ಉಳಿದವರು ಶಿಕ್ಷಕರಿಗಿಂತ ಹೆಚ್ಚಾಗಿ ಮಕ್ಕಳನ್ನು ನೋಡುತ್ತಾರೆ. ಯಾವ ಮಗು ಎಲ್ಲಿ ತಡವರಿಸಿತು, ಲೆಕ್ಕವನ್ನು ಯಾವ ದಾರಿಯಲ್ಲಿ ಬಿಡಿಸಿತು ಎಂದು ಬರೆಯುತ್ತಾರೆ. ಯೋಜನೆ ಎಲ್ಲರದಾದ್ದರಿಂದ ಪಾಠ ಸೋತರೆ ಆ ಸೋಲೂ ಎಲ್ಲರದು. ನಮ್ಮ ಒಂದೇ ವಿಭಾಗದಲ್ಲಿ ಮೂವರು ಅಧ್ಯಾಪಕರಿದ್ದರೆ ಸೆಮಿಸ್ಟರಿಗೊಂದು ಪಾಠವನ್ನಾದರೂ ಹೀಗೆ ಮಾಡಬಹುದು. ಖರ್ಚಿಲ್ಲ, ಆದೇಶವೂ ಬೇಕಿಲ್ಲ.

ಮತ್ತೊಂದು ಮಾತು. ಇದರಿಂದ ಹೆಚ್ಚು ಕಲಿಯುವವರು ನೋಡಿಸಿಕೊಂಡವರಿಗಿಂತ ನೋಡಲು ಹೋದವರು ಎಂಬುದು ನನ್ನ ಅನುಭವ. ಇನ್ನೊಬ್ಬರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತಾಗಲೇ ನನ್ನ ತರಗತಿಯ ಹಿಂದಿನ ಬೆಂಚಿಗೆ ಬೋರ್ಡು ಎಷ್ಟು ದೂರ, ಫ್ಯಾನಿನ ಸದ್ದಿನಲ್ಲಿ ಮಾತು ಎಷ್ಟು ಮಸುಕು ಎಂಬುದು ತಿಳಿಯಿತು. ನಿಮ್ಮ ಮಗಳ ಕಾಲೇಜಿನ ಕನ್ನಡ ಮೇಡಂ ಕೂಡ ಏನೋ ಒಂದನ್ನು ತಮ್ಮ ತರಗತಿಗೆಂದು ಬರೆದುಕೊಂಡು ಹೋಗಿದ್ದರೆ ಆಶ್ಚರ್ಯವಿಲ್ಲ.

ಕೊನೆಗೆ, ನೀವು ಕೇಳದಿದ್ದರೂ ಹೇಳಲೇಬೇಕಾದ ವಿಷಯ ಅತಿಥಿ ಉಪನ್ಯಾಸಕರದು. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಭಾರ ಹೊತ್ತವರು ಅವರು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರ ತರಗತಿಗೆ ಕಾಯಂ ಅಧ್ಯಾಪಕರೊಬ್ಬರು ನೋಟ್‌ಬುಕ್ ಹಿಡಿದು ಬಂದರೆ, ಆ ಇಬ್ಬರನ್ನು ಸಮಾನರು ಎನ್ನುವುದು ಹೇಗೆ? ಎಷ್ಟೇ ಸ್ನೇಹದಿಂದ ಬಂದರೂ ಅವರಿಗೆ ಅದು ಪರೀಕ್ಷೆಯೇ. ಅದಕ್ಕೆ ನನಗೆ ತೋಚುವ ದಾರಿ ಒಂದೇ. ಯಾರ ತರಗತಿ ನೋಡಬೇಕು ಎಂಬ ಪಟ್ಟಿ ಮಾಡುವಾಗ ಮೊದಲ ಹೆಸರು ಪ್ರಾಂಶುಪಾಲರದು ಬರಲಿ, ಆಮೇಲೆ ವಿಭಾಗದ ಮುಖ್ಯಸ್ಥರದು. ಅವರ ತರಗತಿಗಳಲ್ಲಿ ಹೋಗಿ ಕೂರುವವರ ಪಟ್ಟಿಯಲ್ಲಿ ಅತಿಥಿ ಉಪನ್ಯಾಸಕರ ಹೆಸರು ಮೊದಲು ಬರಲಿ. ಒಂದು ವರ್ಷ ಹೀಗೆ ನಡೆದ ಮೇಲೆ, ‘ನನ್ನ ಕ್ಲಾಸಿಗೂ ಬನ್ನಿ’ ಎಂದು ಅವರು ತಾವಾಗಿ ಕರೆದರೆ ಹೋಗಬಹುದು.